ಮನೆ ಆರೈಕೆಯಲ್ಲಿ ಪೇಷೆಂಟ್ ಬಿದ್ದರೆ, ಮಾತ್ರೆ ಎರಡು ಸಲ ಹೋದರೆ ಏನು ಮಾಡಬೇಕು? ನಮಗೆ ಸುದ್ದಿಯೇ ಬರುತ್ತಿಲ್ಲ

ಕೇಳಿದವರು: ಹೋಮ್‌ಕೇರ್_ಕೋಆರ್ಡಿನೇಟರ್

ನಾನು ಒಂದು ಚಿಕ್ಕ ಹೋಮ್ ಕೇರ್ ಸೇವೆಯಲ್ಲಿ ಕೋಆರ್ಡಿನೇಟರ್. ವಯಸ್ಸಾದವರು, ಸ್ಟ್ರೋಕ್ ಆದವರು, ಆಪರೇಷನ್ ಮುಗಿಸಿ ಮನೆಗೆ ಬಂದವರು, ಇಂಥವರ ಮನೆಗೆ ನಮ್ಮ ಕೇರ್‌ಟೇಕರ್‌ಗಳು ಹೋಗುತ್ತಾರೆ. ಹಗಲು ಶಿಫ್ಟ್, ರಾತ್ರಿ ಶಿಫ್ಟ್ ಎರಡೂ ಇವೆ.

ಇತ್ತೀಚೆಗೆ ಎರಡು ಘಟನೆ ಆದವು. ಮೊದಲನೆಯದು, ಎಂಬತ್ತು ದಾಟಿದ ಒಬ್ಬರು ಅಜ್ಜಿ ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬಿದ್ದರು. ಡ್ಯೂಟಿಯಲ್ಲಿದ್ದ ಹುಡುಗಿ ಒಬ್ಬಳೇ ಎತ್ತಿ ಮಲಗಿಸಿದಳು. "ನೋವಿದೆಯಾ ಅಜ್ಜಿ" ಅಂದಳು, ಅವರು ಇಲ್ಲ ಅಂದರು, ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಅಜ್ಜಿಯ ಮಗಳು ತಲೆ ಬಾಚುವಾಗ ಹಣೆಯ ಪಕ್ಕ ಊತ ನೋಡಿದರು. ಅಜ್ಜಿ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು. ಸ್ಕ್ಯಾನ್ ಮಾಡಿಸಿದರು, ಒಳಗೆ ರಕ್ತಸ್ರಾವ ಇರಲಿಲ್ಲ. ಎರಡನೆಯದು ಬೇರೆ ಮನೆ. ಬೆಳಗಿನ ಬಿಪಿ ಮಾತ್ರೆಯನ್ನು ಮಗನೂ ಕೊಟ್ಟಿದ್ದರು, ನಮ್ಮವರೂ ಕೊಟ್ಟರು. ತಲೆಸುತ್ತು ಬಂದಾಗಲೇ ಗೊತ್ತಾಗಿದ್ದು.

ನನಗೆ ಜಾಸ್ತಿ ಚಿಂತೆ ಆಗಿದ್ದು ಯಾವುದಕ್ಕೆ ಅಂದರೆ, ಎರಡೂ ಸುದ್ದಿ ನನಗೆ ಬಂದಿದ್ದು ಮನೆಯವರಿಂದ. ನಮ್ಮ ಕೇರ್‌ಟೇಕರ್‌ಗಳಿಂದ ಅಲ್ಲ. ಆ ಹುಡುಗಿಯನ್ನು ಕೂರಿಸಿಕೊಂಡು ಕೇಳಿದೆ. "ಹೇಳಿದರೆ ಕೆಲಸ ಹೋಗುತ್ತೆ ಅಂತ ಭಯ ಆಯ್ತು ಮೇಡಂ" ಅಂದಳು. ಮಾಲೀಕರು ಅವಳನ್ನು ತೆಗೆದುಹಾಕಿ ಅನ್ನುತ್ತಿದ್ದಾರೆ. ತೆಗೆದರೆ ಉಳಿದವರು ಇನ್ನೂ ಬಾಯಿ ಮುಚ್ಚಿಕೊಳ್ಳುತ್ತಾರೆ ಅಂತ ನನ್ನ ಭಾವನೆ. ನಮ್ಮ ಹತ್ತಿರ ಆಸ್ಪತ್ರೆಯವರ ರೀತಿಯ ನಾಲ್ಕು ಪುಟದ ಇನ್ಸಿಡೆಂಟ್ ಫಾರ್ಮ್ ಇದೆ. ಅದನ್ನು ಇವತ್ತಿನವರೆಗೆ ಯಾರೂ ತುಂಬಿಲ್ಲ.

ಮೊದಲ ಕೆಲವು ನಿಮಿಷದಲ್ಲಿ ಕೇರ್‌ಟೇಕರ್ ಏನು ಮಾಡಬೇಕು? ಏನು ಬರೆಯಬೇಕು? ಮನೆಯವರಿಗೆ ಹೇಗೆ ಹೇಳಬೇಕು? ಈ ಹುಡುಗಿಯ ವಿಷಯದಲ್ಲಿ ಏನು ಮಾಡಲಿ? ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ.


ಉತ್ತರ: ಸೂಪರ್‌ವೈಸರ್_ನರ್ಸ್

ನಾನು ಮೊದಲು ಆಸ್ಪತ್ರೆ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಈಗ ತುಂಬಾ ವರ್ಷಗಳಿಂದ ಹೋಮ್ ಕೇರ್ ಸೂಪರ್‌ವೈಸರ್. ನಾನು ಹೊಸಬರಿಗೆ ಹೇಳಿಕೊಡುವ ಕ್ರಮ ಇಷ್ಟೇ: ಮೊದಲು ಪೇಷೆಂಟ್, ಆಮೇಲೆ ಫೋನ್, ಆಮೇಲೆ ಕಾಗದ. ತಪ್ಪು ಯಾರದು ಅನ್ನೋದು ಅವತ್ತಿನ ಕೆಲಸ ಅಲ್ಲ.

ಬೀಳುವುದರಿಂದ ಶುರು ಮಾಡುತ್ತೇನೆ, ಯಾಕೆಂದರೆ ಮನೆ ಆರೈಕೆಯಲ್ಲಿ ನಾವು ಮತ್ತೆ ಮತ್ತೆ ನೋಡುವುದು ಅದನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅದರಲ್ಲಿ 60 ದಾಟಿದವರೇ ಹೆಚ್ಚು. ವಾರ್ಡಿನಲ್ಲಿ ಯಾರಾದರೂ ಬಿದ್ದರೆ ಒಂದು ಕೂಗಿಗೆ ನಾಲ್ಕು ಜನ ಬರುತ್ತಾರೆ. ಮನೆಯಲ್ಲಿ ನಿಮ್ಮ ಹುಡುಗಿ ಒಬ್ಬಳೇ, ಅದೂ ನಿದ್ದೆಗಣ್ಣಿನಲ್ಲಿ. ಆ ಹೊತ್ತಿಗೆ ಯೋಚನೆ ಮಾಡಿ ತೀರ್ಮಾನ ತಗೋ ಅಂದರೆ ಆಗಲ್ಲ. ಏನು ಮಾಡಬೇಕು ಅನ್ನೋದು ಮೊದಲೇ ಅವಳಿಗೆ ಬಾಯಿಪಾಠ ಆಗಿರಬೇಕು.

ಬಿದ್ದವರನ್ನು ತಕ್ಷಣ ಎತ್ತಬಾರದು. ಕೇಳೋಕೆ ಇದು ಕಲ್ಲುಮನಸ್ಸು ಅನ್ನಿಸುತ್ತೆ. ಆದರೆ ಮುರಿದ ಮೂಳೆ ಎತ್ತುವಾಗ ಜರುಗಿ ಇನ್ನಷ್ಟು ಹಾನಿ ಮಾಡುವುದುಂಟು. ಪಕ್ಕದಲ್ಲಿ ನೆಲದ ಮೇಲೆ ಕೂತು ಮಾತಾಡಿಸಬೇಕು. ಉತ್ತರ ಸರಿಯಾಗಿ ಬರುತ್ತಿದೆಯಾ? ಉಸಿರಾಟ ಹೇಗಿದೆ? ಎಲ್ಲಾದರೂ ರಕ್ತ ಬರುತ್ತಿದೆಯಾ? ಕುತ್ತಿಗೆ, ಬೆನ್ನು, ಸೊಂಟ ನೋಯುತ್ತಿದೆಯಾ? ಕೈಕಾಲು ಅವರೇ ಆಡಿಸಲಿ, ನಾವು ಎಳೆದು ನೋಡಬಾರದು. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಕಂಡು ಪಾದ ಹೊರಗಡೆಗೆ ತಿರುಗಿದ್ದರೆ ಸೊಂಟದ ಹತ್ತಿರ ಮೂಳೆ ಮುರಿದಿರುವ ಸಾಧ್ಯತೆ ತುಂಬಾ ಜಾಸ್ತಿ. ಹಾಗೆ ಕಾಣದೆಯೂ ಬಿರುಕು ಬಿಟ್ಟಿರಬಹುದು, ಆದ್ದರಿಂದ ತೊಡೆಸಂದಿಯ ನೋವನ್ನು ಹಗುರವಾಗಿ ತಗೋಬೇಡಿ. ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ಮಲಗಿರಲಿ. ಮೇಲೆ ಹೊದಿಕೆ ಹೊದಿಸಿ ಆಂಬುಲೆನ್ಸ್ ಕರೆಸಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ತಿನ್ನೋಕೆ ಕುಡಿಯೋಕೆ ಏನೂ ಕೊಡಬೇಡಿ.

ಯಾವ ತೊಂದರೆಯೂ ಕಾಣದಿದ್ದರೆ ಅವರು ತಾವೇ ಏಳಬೇಕು, ನಾವು ಜೊತೆಯಲ್ಲಿರಬೇಕು. ಮಗ್ಗುಲಿಗೆ ಹೊರಳುವುದು, ಮೊಣಕೈ ಊರುವುದು, ಅಂಗೈ, ಮೊಣಕಾಲು ಊರಿ ಅಂಬೆಗಾಲಿನ ಭಂಗಿಗೆ ಬರುವುದು. ಮುಂದೆ ಗಟ್ಟಿ ಕುರ್ಚಿ ಇಡಿ. ಅದನ್ನು ಹಿಡಿದು, ಬಲ ಇರುವ ಕಾಲಿನ ಪಾದ ನೆಲಕ್ಕೆ ಊರಿ ಏಳುತ್ತಾರೆ. ಹಿಂದಿನಿಂದ ಇನ್ನೊಂದು ಕುರ್ಚಿ ಸರಿಸಿದರೆ ಕೂತುಕೊಳ್ಳುತ್ತಾರೆ. ಆಗದಿದ್ದರೆ ಬಿಡಿ, ಇನ್ನೊಬ್ಬರು ಬರುವ ತನಕ ಕಾಯಿರಿ. ಒಬ್ಬಳೇ ಕಂಕುಳಿಗೆ ಕೈ ಹಾಕಿ ಎತ್ತಿದರೆ ಪೇಷೆಂಟಿನ ಭುಜಕ್ಕೂ ಪೆಟ್ಟು, ಹುಡುಗಿಯ ಬೆನ್ನಿಗೂ ಪೆಟ್ಟು.

ಎಷ್ಟು ಹೊತ್ತು ಬಿದ್ದಿದ್ದರು ಅನ್ನೋದನ್ನೂ ಕೇಳಿ. ಒಂದು ಗಂಟೆಗಿಂತ ಜಾಸ್ತಿ ನೆಲದ ಮೇಲಿದ್ದರೆ ಪೆಟ್ಟು ಇಲ್ಲದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ಒತ್ತಡಕ್ಕೆ ಸಿಕ್ಕ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರುತ್ತೆ, ಕಿಡ್ನಿಗೆ ತೊಂದರೆ ಮಾಡುತ್ತೆ. ಚರ್ಮದಲ್ಲಿ ಬೆಡ್‌ಸೋರ್ ಶುರುವಾಗೋಕೂ ಅಷ್ಟು ಸಮಯ ಸಾಕು.

ಈಗ ನಿಮ್ಮ ಅಜ್ಜಿಯ ವಿಷಯ. ವಾರ್ಫರಿನ್, ಅಪಿಕ್ಸಬಾನ್, ರಿವರಾಕ್ಸಬಾನ್, ಕ್ಲೋಪಿಡೋಗ್ರೆಲ್, ರಕ್ತ ತೆಳು ಮಾಡುವ ಈ ಮಾತ್ರೆಗಳಲ್ಲಿ ಯಾವುದನ್ನಾದರೂ ತಗೊಳ್ಳುವವರ ತಲೆಗೆ ಪೆಟ್ಟು ಬಿದ್ದರೆ "ನೋವಿಲ್ಲ" ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಆ ರಾತ್ರಿಯೇ ಆಸ್ಪತ್ರೆ. ಸ್ಕ್ಯಾನ್ ಸರಿ ಇದೆ ಅಂದಿದ್ದು ಒಳ್ಳೆಯದಾಯಿತು. ಆದರೂ ವಯಸ್ಸಾದವರಲ್ಲಿ ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಸೇರಿಕೊಂಡು, ಕೆಲವು ದಿನ ಅಥವಾ ಕೆಲವು ವಾರ ಆದ ಮೇಲೆ ಗೊತ್ತಾಗುವುದುಂಟು. ಮಾಮೂಲಿಗಿಂತ ಜಾಸ್ತಿ ಮಂಪರು, ಗೊಂದಲದ ಮಾತು, ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಒಂದು ಕಡೆ ಕೈಕಾಲು ಸೋಲುವುದು, ನಡಿಗೆ ಬದಲಾಗುವುದು. ಇದನ್ನು ಮಗಳಿಗೂ ಹೇಳಿ, ಎರಡೂ ಶಿಫ್ಟಿನ ಕೇರ್‌ಟೇಕರ್‌ಗಳಿಗೂ ಹೇಳಿ. ಇವತ್ತೇ ಹೇಳಿ.

ಫೋನ್ ವಿಷಯ ಬೇಗ ಮುಗಿಸುತ್ತೇನೆ. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು ಅನ್ನೋದು ತೀರ್ಮಾನ ಆಗಿರಬೇಕು, ಆ ನಂಬರ್ ಪೇಷೆಂಟಿನ ಕೋಣೆಯಲ್ಲಿ ಬರೆದು ಅಂಟಿಸಿರಬೇಕು. ಜೀವಕ್ಕೆ ಅಪಾಯ ಅನ್ನಿಸಿದರೆ ಕೇರ್‌ಟೇಕರ್ ಯಾರನ್ನೂ ಕೇಳದೆ ಆಂಬುಲೆನ್ಸ್ ಕರೆಯಬಹುದು, ಇದಕ್ಕೆ ಅನುಮತಿ ಬೇಡ. ಮನೆಯವರು ಮನೆಯಲ್ಲೇ ಇದ್ದರೆ ಅವರನ್ನು ಎಬ್ಬಿಸಬೇಕು. ಮತ್ತೆ, ಆ ಕರೆಯಲ್ಲಿ ನಿಮ್ಮ ಬಾಯಿಂದ ಬರುವ ಮೊದಲ ಮಾತು "ಯಾಕೆ ಹಾಗೆ ಮಾಡಿದೆ" ಅಂತ ಆದರೆ ಮುಂದಿನ ಸಲ ಕರೆ ಬರಲ್ಲ.

ನಾಲ್ಕು ಪುಟದ ಫಾರ್ಮ್ ಬದಿಗಿಡಿ. ಅರ್ಧ ಪುಟ ಸಾಕು. ಬರೆಯೋಕೆ ಕಷ್ಟ ಆಗುವವರು ವಾಯ್ಸ್ ಮೆಸೇಜ್ ಕಳಿಸಲಿ, ನೀವು ಬರೆದುಕೊಂಡು ಅವರಿಗೆ ಓದಿ ಹೇಳಿ ಸಹಿ ತಗೊಳ್ಳಿ. ಕಂಡಿದ್ದು, ಕೇಳಿದ್ದು, ಮಾಡಿದ್ದು, ಇಷ್ಟೇ ಇರಬೇಕು. ಊಹೆ ಬೇಡ. ಹೀಗಿರಲಿ:

"ರಾತ್ರಿ 2.10. ಸದ್ದು ಕೇಳಿ ಎದ್ದೆ. ಅಜ್ಜಿ ಬಾತ್‌ರೂಮ್ ಬಾಗಿಲ ಹತ್ತಿರ ಎಡ ಮಗ್ಗುಲಾಗಿ ನೆಲದ ಮೇಲಿದ್ದರು. ಬೀಳುವುದನ್ನು ನಾನು ನೋಡಿಲ್ಲ. ಎಚ್ಚರ ಇತ್ತು, ಹೆಸರು ಹೇಳಿದರು. ಎಡ ಹುಬ್ಬಿನ ಮೇಲೆ ಊತ. 'ಕಾಲು ಜಾರಿತು' ಅಂದರು. ನೆಲ ಒದ್ದೆ ಇತ್ತು, ದೀಪ ಆರಿತ್ತು, ವಾಕರ್ ಮಂಚದ ಆ ಕಡೆ ಇತ್ತು. 2.15ಕ್ಕೆ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ."

ಇಷ್ಟರಲ್ಲಿ ಎಷ್ಟು ವಿಷಯ ಇದೆ ನೋಡಿ. "ಅಜಾಗರೂಕತೆಯಿಂದ ಬಿದ್ದರು" ಅಂತ ಬರೆದರೆ ಏನೂ ಸಿಗಲ್ಲ. ತಪ್ಪಾಗಿ ಬರೆದಿದ್ದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಮಯ ಹಾಕಿ ಸಹಿ ಮಾಡಲಿ. ಬಿಳಿ ಬಣ್ಣ ಹಚ್ಚಬಾರದು, ಪುಟ ಹರಿಯಬಾರದು.

ಮುಂದಿನ ಕೆಲಸ ಅರ್ಧ ಸೇವೆಗಳು ಮಾಡುವುದೇ ಇಲ್ಲ, ನನಗೆ ಬೇಸರ ಇರುವುದು ಇಲ್ಲಿ. ಆ ಮನೆಗೆ ಹೋಗಿ ನೋಡಬೇಕು. ಹಗಲು ಹೊತ್ತು ಎಲ್ಲ ಬೆಳಕು ಇರುವಾಗ ಅಲ್ಲ, ಬಿದ್ದ ಹೊತ್ತಿನಲ್ಲಿ. ಮಂಚದಿಂದ ಬಾತ್‌ರೂಮಿನ ತನಕ ಕತ್ತಲಲ್ಲಿ ನೀವೇ ನಡೆದು ನೋಡಿ. ಸ್ವಿಚ್ ಕೈಗೆ ಸಿಗುತ್ತಾ? ಕಾಲಿಗೆ ಮ್ಯಾಟ್ ಸಿಕ್ಕಿಕೊಳ್ಳುತ್ತಾ? ಹಿಡಿದುಕೊಳ್ಳೋಕೆ ಏನಾದರೂ ಇದೆಯಾ? ಆಮೇಲೆ ಮಾತ್ರೆ ಪಟ್ಟಿ ನೋಡಿ. ಮೂತ್ರ ಜಾಸ್ತಿ ಮಾಡಿಸುವ ಫ್ಯುರೋಸೆಮೈಡ್ ಥರದ ಮಾತ್ರೆ ಸಂಜೆ ಹೋಗುತ್ತಿದ್ದರೆ ಅವರು ರಾತ್ರಿಯೆಲ್ಲಾ ಎದ್ದು ಓಡಾಡಲೇಬೇಕು. ಸಮಯ ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಬಿಪಿಯನ್ನು ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಬಿದ್ದಿದ್ದಕ್ಕೆ ಕಾರಣ ನೆಲ ಆಗಿರಲಿಕ್ಕಿಲ್ಲ, ಎದ್ದ ಕೂಡಲೇ ಬಿಪಿ ಕುಸಿದಿರಬಹುದು. ಹುಡುಗಿಯನ್ನು ಬದಲಿಸಿದರೆ ಇದರಲ್ಲಿ ಯಾವುದು ಬದಲಾಗುತ್ತೆ?


ಹೋಮ್‌ಕೇರ್_ಕೋಆರ್ಡಿನೇಟರ್

ತುಂಬಾ ಧನ್ಯವಾದ ಮೇಡಂ. ಆ ಲಕ್ಷಣಗಳನ್ನು ಮಗಳಿಗೆ ಈಗಲೇ ಫೋನ್ ಮಾಡಿ ಹೇಳಿದೆ. ಸಂಜೆಯ ಮಾತ್ರೆ ವಿಷಯ ನಮಗೆ ಯಾರಿಗೂ ಹೊಳೆದಿರಲಿಲ್ಲ, ಪಟ್ಟಿ ತರಿಸುತ್ತಿದ್ದೇನೆ. ಒಂದು ಗೊಂದಲ ಇದೆ. ಮನೆಯವರ ಹತ್ತಿರ ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತೆ, ಕೇಸ್ ಹಾಕುತ್ತಾರೆ ಅನ್ನೋದು ನಮ್ಮ ಮಾಲೀಕರ ಭಯ.


ಉತ್ತರ: ಅಮ್ಮನ_ಮಗ

ನಾನು ಈ ಕೆಲಸದವನಲ್ಲ, ಮನೆಯವರ ಕಡೆಯವನು. ನಮ್ಮ ಅಮ್ಮನಿಗೆ ಮರೆವಿನ ಕಾಯಿಲೆ, ಹಗಲು ಹೊತ್ತು ಕೇರ್‌ಟೇಕರ್ ಇರುತ್ತಾರೆ. ಅಮ್ಮನ ಕಾಲಿನ ಮೇಲೆ ಬಿಸಿನೀರು ಬಿದ್ದು ಸುಟ್ಟಿತ್ತು. ನನಗೆ ಕರೆ ಬಂದಿದ್ದು ಹತ್ತು ನಿಮಿಷದೊಳಗೆ. ಕರೆ ಮಾಡಿದ ಸೂಪರ್‌ವೈಸರ್ ಹೇಳಿದ ಮಾತು ಹೆಚ್ಚುಕಡಿಮೆ ಹೀಗಿತ್ತು: "ಸರ್, ಅಮ್ಮನ ಎಡ ಪಾದದ ಮೇಲೆ ಬಿಸಿನೀರು ಬಿದ್ದಿದೆ. ಕೆಂಪಾಗಿದೆ, ಒಂದು ಕಡೆ ಬೊಬ್ಬೆ ಬಂದಿದೆ. ಈಗ ಹರಿಯುವ ತಣ್ಣೀರಿನ ಕೆಳಗೆ ಹಿಡಿದಿದ್ದಾರೆ, 20 ನಿಮಿಷ ಹಾಗೇ ಹಿಡಿಯಬೇಕು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಕೆ ವಾಹನ ಹೇಳಿದ್ದೇನೆ. ನೀರು ಹೇಗೆ ಬಿತ್ತು ಅಂತ ಇನ್ನೂ ಪೂರ್ತಿ ಗೊತ್ತಿಲ್ಲ, ತಿಳಿದುಕೊಂಡು ಸಂಜೆ ಆರಕ್ಕೆ ಮತ್ತೆ ಫೋನ್ ಮಾಡುತ್ತೇನೆ. ಹೀಗಾಗಿದ್ದಕ್ಕೆ ಕ್ಷಮಿಸಿ." ಆರಕ್ಕೆ ಫೋನ್ ಬಂತು ಕೂಡ.

ನನಗೆ ಕೋಪ ಬಂದಿತ್ತು, ಇಲ್ಲ ಅನ್ನಲ್ಲ. ಆದರೆ ಮೋಸ ಹೋದೆ ಅನ್ನಿಸಲಿಲ್ಲ. ಮನೆಯವರು ಕೇಸ್ ಹಾಕಬೇಕು ಅನ್ನುವ ಮಟ್ಟಕ್ಕೆ ಹೋಗುವುದು ಮುಚ್ಚಿಟ್ಟಿದ್ದು ಗೊತ್ತಾದಾಗ. ಅಜ್ಜಿಯ ಮಗಳ ಜಾಗದಲ್ಲಿ ನಾನಿದ್ದರೆ ನನ್ನನ್ನು ಕಾಡುವುದು ಊತ ಅಲ್ಲ. ಇನ್ನೂ ಏನೇನು ನನಗೆ ಹೇಳದೆ ಉಳಿದಿದೆಯೋ ಅನ್ನುವ ಯೋಚನೆ. ದಯವಿಟ್ಟು ನೀವೇ ಅವರ ಮನೆಗೆ ಹೋಗಿ. ಮೆಸೇಜಿನಲ್ಲಿ ಮುಗಿಸಬೇಡಿ. ಮತ್ತೆ ಆ ಹುಡುಗಿಯನ್ನು ಬೈಯುತ್ತಾ ನಿಲ್ಲಬೇಡಿ, ನಮಗೆ ಬೇಕಾಗಿರುವುದು ಅದಲ್ಲ. ಇನ್ನು ಮುಂದೆ ಏನು ಬದಲಾಗುತ್ತೆ ಅಂತ ಕೇಳೋಕೆ ನಾವು ಕಾಯುತ್ತಿರುತ್ತೇವೆ.


ಉತ್ತರ: ಔಷಧಿ_ಅಂಗಡಿಯವರು

ಫಾರ್ಮಸಿಸ್ಟ್ ಆಗಿ ಮಾತ್ರೆ ವಿಷಯ ಮಾತ್ರ ಹೇಳುತ್ತೇನೆ.

ಎರಡು ಸಲ ಹೋಯಿತು ಅಂತ ಗೊತ್ತಾದ ಕೂಡಲೇ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ, ಒಟ್ಟು ಎಷ್ಟು, ಇಷ್ಟನ್ನು ಹಿಡಿದುಕೊಂಡು ಡಾಕ್ಟರಿಗೋ ವಿಷ ಮಾಹಿತಿ ಕೇಂದ್ರಕ್ಕೋ ಫೋನ್ ಮಾಡಬೇಕು. ಖಾಲಿ ಸ್ಟ್ರಿಪ್ ಬಿಸಾಡಬಾರದು. ಲಕ್ಷಣ ಕಾಣಲಿ ಆಮೇಲೆ ನೋಡೋಣ ಅಂತ ಕಾಯಬಾರದು. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಲೇಬಾರದು. ಬಿಪಿ ಮಾತ್ರೆ ಆಗಿದ್ದರೆ ಪೇಷೆಂಟನ್ನು ಮಲಗಿಸಿ, ಬಿಪಿ ಮತ್ತು ನಾಡಿ ನೋಡಿ ಬರೆದಿಡಿ, ಒಬ್ಬರೇ ಎದ್ದು ಓಡಾಡೋಕೆ ಬಿಡಬೇಡಿ. ಮುಂದಿನ ಡೋಸ್ ಬಿಡಬೇಕಾ ಬೇಡವಾ ಅನ್ನೋದು ಡಾಕ್ಟರ ಮಾತು, ಕೇರ್‌ಟೇಕರ್‌ದೂ ಅಲ್ಲ, ಮಗನದೂ ಅಲ್ಲ.

ಬಿಪಿಗಿಂತ ನನಗೆ ಭಯ ಇರುವುದು ಶುಗರ್ ಮಾತ್ರೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾಸ್ತಿ ಹೋದರೆ ಶುಗರ್ ಇಳಿಯುತ್ತೆ, ಸಕ್ಕರೆ ಕೊಟ್ಟಾಗ ಏರುತ್ತೆ, ಕೆಲವು ಗಂಟೆ ಆದ ಮೇಲೆ ಮತ್ತೆ ಇಳಿಯುತ್ತೆ. ಒಂದು ಸಲ ಸರಿ ಹೋಯಿತು ಅಂತ ಮನೆಯಲ್ಲೇ ಇಟ್ಟುಕೊಂಡರೆ ರಾತ್ರಿ ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದು, ಎಚ್ಚರ ಇದ್ದು, ನುಂಗೋಕೆ ಆಗುತ್ತಿದ್ದರೆ ಸುಮಾರು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ನೀರಿನಲ್ಲಿ ಕಲಸಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತೆ.

ಇನ್ಸುಲಿನ್ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವುದು ಮತ್ತು 100 ಯೂನಿಟ್ ಇರುವುದು ಎರಡೂ ಸಿಗುವ ಕಡೆ ಸಿರಿಂಜ್ ಅದಲು ಬದಲಾಗುತ್ತೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ ಎರಡೂವರೆ ಪಟ್ಟು ಹೋಗುತ್ತೆ. ಇದನ್ನು ಎಲ್ಲ ಕೇರ್‌ಟೇಕರ್‌ಗಳಿಗೂ ಕೈಯಲ್ಲಿ ಹಿಡಿದು ತೋರಿಸಿ. ಇನ್ನೊಂದು ಮೆಥೊಟ್ರೆಕ್ಸೇಟ್. ಕೀಲುವಾತಕ್ಕೆ ವಾರಕ್ಕೆ ಒಂದೇ ದಿನ ಕೊಡುವ ಮಾತ್ರೆ ಅದು. ದಿನಾ ಕೊಟ್ಟು ಪ್ರಾಣ ಹೋದ ಪ್ರಕರಣಗಳಿವೆ. ಪಟ್ಟಿಯಲ್ಲಿ ಅದನ್ನು ಕೊಡುವ ದಿನದ ಹೆಸರನ್ನು ದೊಡ್ಡದಾಗಿ ಬರೆಯಿರಿ.

ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದ ಮೊದಲ ವಾರ ಜಾಸ್ತಿ ಎಚ್ಚರ ಬೇಕು. ಹಳೆ ಡಬ್ಬಿಯಲ್ಲಿ ಒಂದು ಕಂಪನಿಯ ಹೆಸರು, ಹೊಸ ಚೀಟಿಯಲ್ಲಿ ಇನ್ನೊಂದು ಕಂಪನಿಯ ಹೆಸರು, ಒಳಗಿರುವ ಔಷಧಿ ಒಂದೇ. ಎರಡನ್ನೂ ಕೊಡುತ್ತಿರುತ್ತಾರೆ. ಹಳೆಯದನ್ನೆಲ್ಲಾ ಒಂದು ಚೀಲಕ್ಕೆ ಹಾಕಿ ಹತ್ತಿರದ ಫಾರ್ಮಸಿಸ್ಟ್ ಮುಂದೆ ಸುರಿಯಿರಿ, ನಾವು ಬೇರ್ಪಡಿಸಿ ಕೊಡುತ್ತೇವೆ. ಮನೆಯಲ್ಲಿ ಒಂದೇ ಹಾಳೆ ಇರಲಿ, ಮಾತ್ರೆ ನುಂಗಿದ್ದನ್ನು ನೋಡಿದ ಮೇಲೆ ಸಹಿ. ಮಗ ಕೊಟ್ಟರೆ ಮಗನೂ ಅದೇ ಹಾಳೆಯಲ್ಲಿ ಸಹಿ ಹಾಕಲಿ. ನಿಮ್ಮ ಎರಡನೆಯ ಘಟನೆಯಲ್ಲಿ ಇಲ್ಲದೇ ಹೋಗಿದ್ದು ಈ ಹಾಳೆ.


ಉತ್ತರ: ರಾತ್ರಿ_ಪಾಳಿ

ನಾನು ಕೇರ್‌ಟೇಕರ್. ಎಲ್ಲ ಓದಿದೆ. ನಾವು ಯಾಕೆ ಹೇಳಲ್ಲ ಅನ್ನೋದನ್ನು ನಾನೇ ಹೇಳಿದರೆ ಒಳ್ಳೆಯದು ಅನ್ನಿಸಿತು.

ಏನಾದರೂ ಆಯಿತು ಅಂತ ಹೇಳಿದರೆ ಆ ಮನೆಯಿಂದ ತೆಗೆಯುತ್ತಾರೆ. ಬೇರೆ ಮನೆ ಸಿಗುವ ತನಕ ಸಂಬಳ ಇಲ್ಲ. ಕೆಲವು ಕಡೆ ಆ ತಿಂಗಳ ಸಂಬಳದಲ್ಲೂ ಹಿಡಿಯುತ್ತಾರೆ. ಸಂಬಳ ಹಿಡಿಯಲ್ಲ ಅಂತ ಮಾಲೀಕರು ಬಾಯಲ್ಲಿ ಹೇಳಿದರೆ ಸಾಕಾಗಲ್ಲ, ಒಬ್ಬರಿಗೆ ಹಿಡಿಯದೇ ಇದ್ದಿದ್ದನ್ನು ನಾವು ನೋಡಬೇಕು. ಆಗ ನಂಬಿಕೆ ಬರುತ್ತೆ.

ಇನ್ನೊಂದು ವಿಷಯ. ಕೆಲಸಕ್ಕೆ ಕಳಿಸುವಾಗ "ಸ್ವಲ್ಪ ನಡೆಯುತ್ತಾರೆ" ಅಂತ ಹೇಳಿರುತ್ತಾರೆ. ಹೋಗಿ ನೋಡಿದರೆ 80 ಕೆಜಿ ತೂಕ, ಒಂದು ಕಡೆ ಪೂರ್ತಿ ಸ್ವಾಧೀನ ಇಲ್ಲ. ಇಬ್ಬರು ಬೇಕು ಅಂದರೆ ಮನೆಯವರು ಒಪ್ಪಲ್ಲ. ರಾತ್ರಿ ದೀಪ ಹಾಕಬೇಡ ಅನ್ನುತ್ತಾರೆ. ಪೇಷೆಂಟ್ ಕೋಣೆಯಲ್ಲಿ ಮಲಗಬೇಡ, ಹೊರಗೆ ಮಲಗು ಅನ್ನುತ್ತಾರೆ. ಅವರು ಎದ್ದಿದ್ದು ನನಗೆ ಹೇಗೆ ಗೊತ್ತಾಗಬೇಕು? ಬಿದ್ದ ಮೇಲೆ ಮಾತ್ರ ನಾನು ಎಲ್ಲಿದ್ದೆ ಅಂತ ಕೇಳುತ್ತಾರೆ. ಆ ಹುಡುಗಿ ಎಲ್ಲಿ ಮಲಗಿದ್ದಳು ಅಂತ ಕೇಳಿ ನೋಡಿ ಮೇಡಂ.

ನಮಗೂ ಪೆಟ್ಟಾಗುತ್ತೆ. ಸ್ನಾನ ಮಾಡಿಸುವಾಗ ಒಬ್ಬರು ದಿನಾ ಹೊಡೆಯುತ್ತಿದ್ದರು, ಕಾಯಿಲೆ ಅಂತ ಗೊತ್ತು, ಆದರೂ ನೋವಾಗುತ್ತಲ್ವಾ. ಅದನ್ನು ಯಾವ ಫಾರ್ಮಿನಲ್ಲೂ ಬರೆಯೋಕೆ ಜಾಗ ಇರಲ್ಲ. ಮತ್ತೆ ಒಂದು ಪ್ರಶ್ನೆ. ಪೇಷೆಂಟಿಗೆ ಹಾಕಿದ ಶುಗರ್ ಸೂಜಿ ನಮ್ಮ ಬೆರಳಿಗೆ ಚುಚ್ಚಿದರೆ ಏನು ಮಾಡಬೇಕು? ನಮ್ಮಲ್ಲಿ ಸುಮಾರು ಜನರಿಗೆ ಇದು ಗೊತ್ತಿಲ್ಲ.


ಉತ್ತರ: ಸೂಪರ್‌ವೈಸರ್_ನರ್ಸ್

ರಾತ್ರಿ ಪಾಳಿಯವರೇ, ನೀವು ಬರೆದಿದ್ದಕ್ಕೆ ತುಂಬಾ ಒಳ್ಳೆಯದಾಯಿತು. ಕೋಆರ್ಡಿನೇಟರ್ ಮೇಡಂ, ಮಾಲೀಕರಿಗೆ ನನ್ನ ಉತ್ತರ ತೋರಿಸದಿದ್ದರೂ ಪರವಾಗಿಲ್ಲ, ಇವರದ್ದನ್ನು ತೋರಿಸಿ.

ಕ್ಷಮೆ ವಿಷಯ ಮೊದಲು. ಇಂಗ್ಲೆಂಡಿನಲ್ಲಿ 2015ರಿಂದ ಮನೆ ಆರೈಕೆ ಸೇವೆಗಳಿಗೂ ಒಂದು ಕಾನೂನು ಇದೆ. ಗಂಭೀರ ಹಾನಿ ಆದಾಗ ಪೇಷೆಂಟಿಗೆ ಅಥವಾ ಮನೆಯವರಿಗೆ ಆದಷ್ಟು ಬೇಗ ನಿಜ ಹೇಳಬೇಕು, ಕ್ಷಮೆ ಕೇಳಬೇಕು, ಬರವಣಿಗೆಯಲ್ಲೂ ಕೊಡಬೇಕು. ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯ ಒಪ್ಪಿಕೊಂಡ ಹಾಗಲ್ಲ ಅಂತ ಅಲ್ಲಿ 2006ರ ಕಾನೂನೇ ಹೇಳುತ್ತೆ. ನಿಮ್ಮಲ್ಲಿನ ನಿಯಮವನ್ನು ವಕೀಲರ ಹತ್ತಿರ, ವಿಮೆ ಇದ್ದರೆ ವಿಮೆಯವರ ಹತ್ತಿರ ಕೇಳಿಕೊಳ್ಳಿ. ಆದರೆ "ಹೀಗಾಗಿದ್ದಕ್ಕೆ ಕ್ಷಮಿಸಿ" ಅನ್ನೋಕೆ ಅವರ ಉತ್ತರ ಬರುವ ತನಕ ಕಾಯಬೇಡಿ.

ಹುಡುಗಿಯ ವಿಷಯ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಅವರ ಬರಹಗಳಿಂದ ಈ ಕ್ಷೇತ್ರದಲ್ಲೆಲ್ಲಾ ಹರಡಿದ ಒಂದು ಪ್ರಶ್ನೆ ಇದೆ. ಅಷ್ಟೇ ತರಬೇತಿ ಇರುವ ಇನ್ನೊಬ್ಬರನ್ನು ಅದೇ ರಾತ್ರಿ, ಅದೇ ಮನೆಯಲ್ಲಿ, ಅದೇ ಜಾಗದಲ್ಲಿ ನಿಲ್ಲಿಸಿದ್ದರೆ ಅವರೂ ಹಾಗೇ ಮಾಡುತ್ತಿದ್ದರಾ? ನಿಮ್ಮ ಉಳಿದ ಕೇರ್‌ಟೇಕರ್‌ಗಳನ್ನು ಒಬ್ಬೊಬ್ಬರನ್ನಾಗಿ ಕೇಳಿ ನೋಡಿ. ಹೆಚ್ಚಿನವರು ಹೌದು ಅಂದರೆ ಬದಲಾಗಬೇಕಾದದ್ದು ನಿಮ್ಮ ಸೇವೆ. ಅವಳಿಗೆ ಬಿದ್ದವರನ್ನು ನೋಡಿಕೊಳ್ಳುವ ಕ್ರಮ ಕಲಿಸಿ, ಕೆಲಸದಲ್ಲಿ ಇಟ್ಟುಕೊಳ್ಳಿ, ಸಂಬಳ ಹಿಡಿಯಬೇಡಿ. ಅವಳನ್ನೂ ಒಂದು ಸಲ ಮಾತಾಡಿಸಿ, ಅಜ್ಜಿ ಬಿದ್ದ ರಾತ್ರಿಯಿಂದ ಅವಳಿಗೂ ಸರಿಯಾಗಿ ನಿದ್ದೆ ಬಂದಿರಲಿಕ್ಕಿಲ್ಲ.

ಒಂದು ಗೆರೆ ಮಾತ್ರ ಗಟ್ಟಿಯಾಗಿ ಎಳೆಯಿರಿ. ಪೇಷೆಂಟಿಗೆ ಹೊಡೆಯುವುದು, ಬೇಕಂತಲೇ ಉಪವಾಸ ಕೆಡವುವುದು, ಹಣ ತೆಗೆಯುವುದು, ಕುಡಿದು ಡ್ಯೂಟಿಗೆ ಬರುವುದು, ಇವು ಆಕಸ್ಮಿಕ ಅಲ್ಲ. ಇಂಥ ದೂರು ಬಂದರೆ ಅವತ್ತೇ ಆ ಮನೆಯಿಂದ ಹೊರಗೆ ಕರೆಸಿ, ಮನೆಯವರಿಗೆ ಹೇಳಿ, ಕಾನೂನಿನ ಪ್ರಕಾರ ತಿಳಿಸಬೇಕಾದವರಿಗೆ ತಿಳಿಸಿ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಪೆಟ್ಟಾಗದೆ ತಪ್ಪಿದ್ದನ್ನೂ ಹೇಳಿಸಿಕೊಳ್ಳಿ. ವೀಲ್‌ಚೇರ್ ಬ್ರೇಕ್ ಹಿಡಿಯದೆ ಸರಿಯಿತು, ಆದರೆ ಬೀಳಲಿಲ್ಲ. ತಪ್ಪು ಮಾತ್ರೆ ಕೈಗೆ ಬಂತು, ಬಾಯಿಗೆ ಹೋಗಲಿಲ್ಲ. ಆಕ್ಸಿಜನ್ ನಡೆಯುತ್ತಿರುವ ಕೋಣೆಯಲ್ಲಿ ಯಾರೋ ಸಿಗರೇಟ್ ಹಚ್ಚೋಕೆ ಹೋದರು, ತಡೆದೆ. ಇಂಥವು ಬಂದ ದಿನ ಸುಮ್ನೆ "ಹೇಳಿದ್ದು ಒಳ್ಳೆಯದಾಯಿತು" ಅಂತ ಹೇಳಿ, ಆ ಬ್ರೇಕನ್ನು ಅವತ್ತೇ ರಿಪೇರಿ ಮಾಡಿಸಿ. ಹೇಳಿದ ಮೇಲೆ ಏನೂ ಆಗದಿದ್ದರೆ ಎರಡನೆಯ ಸಲ ಯಾರೂ ಹೇಳಲ್ಲ.

ಹೊಸ ಮನೆಗೆ ಕಳಿಸುವ ಮೊದಲು ನೀವೇ ಹೋಗಿ ಪೇಷೆಂಟನ್ನು ಎಬ್ಬಿಸಿ, ಕೂರಿಸಿ, ನಡೆಸಿ ನೋಡಿ. ಇಬ್ಬರು ಬೇಕಾದರೆ ಇಬ್ಬರು, ಇಲ್ಲದಿದ್ದರೆ ಆ ಮನೆ ಒಪ್ಪಿಕೊಳ್ಳಬೇಡಿ. ರಾತ್ರಿ ದೀಪ, ಕೇರ್‌ಟೇಕರ್ ಮಲಗುವ ಜಾಗ, ಕರೆಗಂಟೆ, ಇವು ಒಪ್ಪಂದದಲ್ಲೇ ಬರಲಿ.

ಸ್ನಾನದ ಹೊತ್ತಿನ ಹೊಡೆತಕ್ಕೆ ಬಲವಂತ ಮಾಡಬೇಡಿ. ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿ. ಬೆಚ್ಚಗಿನ ಬಟ್ಟೆಯಲ್ಲಿ ಮೈ ಒರೆಸಿದರೂ ಆ ದಿನಕ್ಕೆ ಸಾಕು. ಶಾಂತವಾಗಿದ್ದವರು ಇದ್ದಕ್ಕಿದ್ದ ಹಾಗೆ ಹೊಡೆಯೋಕೆ ಶುರು ಮಾಡಿದರೆ ನೋವು, ಮಲಬದ್ಧತೆ, ಮೂತ್ರದ ಸೋಂಕು ಇದೆಯಾ ಅಂತ ಡಾಕ್ಟರ ಹತ್ತಿರ ನೋಡಿಸಬೇಕು. ಕೇರ್‌ಟೇಕರ್‌ಗೆ ಬಿದ್ದ ಪೆಟ್ಟನ್ನೂ ಅದೇ ಅರ್ಧ ಪುಟದಲ್ಲಿ ಬರೆಯಬೇಕು, ಅದೂ ಇನ್ಸಿಡೆಂಟ್ ಆಗಿಯೇ ಲೆಕ್ಕ.

ಇನ್ನು ಸೂಜಿ. ಚುಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಹಿಂಡಬೇಡಿ, ಬಾಯಲ್ಲಿ ಚೀಪಬೇಡಿ, ಬ್ಲೀಚ್ ಹಾಕಬೇಡಿ. ಸೂಪರ್‌ವೈಸರ್‌ಗೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ. ಎಚ್‌ಐವಿ ತಡೆಯುವ ಮಾತ್ರೆ ಬೇಕು ಅಂತ ಡಾಕ್ಟರ್ ಹೇಳಿದರೆ ಅದನ್ನು ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಿದರೆ ಶುರು ಮಾಡಲ್ಲ, ಶುರು ಮಾಡಿದರೆ 28 ದಿನ ಪೂರ್ತಿ ತಗೋಬೇಕು. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಮೊದಲೇ ಹಾಕಿಸಿಕೊಂಡಿದ್ದರೆ ಅರ್ಧ ಚಿಂತೆ ಕಡಿಮೆ. ಹೆಪಟೈಟಿಸ್ ಸಿಗೆ ಹಾಗೆ ಮುಂಚೆ ತಡೆಯುವ ಔಷಧಿ ಇಲ್ಲ, ರಕ್ತ ಪರೀಕ್ಷೆ ಮಾಡಿಸುತ್ತಾ ಇರಬೇಕು, ಬಂದರೆ ಗುಣಪಡಿಸುವ ಚಿಕಿತ್ಸೆ ಇದೆ. ಬಳಸಿದ ಸೂಜಿಗೆ ಮುಚ್ಚಳ ವಾಪಸ್ ಹಾಕೋಕೆ ಹೋಗಬೇಡಿ, ತುಂಬಾ ಸಲ ಚುಚ್ಚುವುದು ಆಗಲೇ. ಸೂಜಿ ತೂರದ ಗಟ್ಟಿ ಡಬ್ಬಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ನೇರ ಅದಕ್ಕೆ ಹಾಕಿ, ಮುಕ್ಕಾಲು ಭಾಗ ತುಂಬಿದ ಕೂಡಲೇ ಮುಚ್ಚಿ ಬದಲಿಸಿ. ಆ ಡಬ್ಬಿಯ ಖರ್ಚು, ಲಸಿಕೆಯ ಖರ್ಚು, ಆಸ್ಪತ್ರೆಯ ಖರ್ಚು ಮೂರೂ ಸೇವೆಯವರದು. ನಿಮ್ಮ ಸಂಬಳದಿಂದ ಕೇಳಿದರೆ ಕೊಡಬೇಡಿ.